ಮಾವ, ತೊಟ್ಟಿ ತೊಳೆಯಬೇಡಿ

ಟೊರಾಂಟೊ
ಏಪ್ರಿಲ್ 24

ಪೂಜ್ಯ ಮಾವನವರಿಗೆ ನಿಮ್ಮ ಸೊಸೆ ಶುಭಾ ಮಾಡುವ ನಮಸ್ಕಾರಗಳು. ಅತ್ತೆಗೂ ತಿಳಿಸಿ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅತ್ತಿಗೆ ನಮ್ಮನ್ನು ನೆಲದ ಮೇಲೆ ಕಾಲಿಡೋಕೆ ಬಿಡುತ್ತಿಲ್ಲ. ಚಳಿ ಮಾತ್ರ ಇನ್ನೂ ಹೋಗಿಲ್ಲ, ಏಪ್ರಿಲ್ ಮುಗಿಯುತ್ತಾ ಬಂದರೂ ಸ್ವೆಟರ್ ಬಿಚ್ಚಿಲ್ಲ.

ನಿನ್ನೆ ವಿಡಿಯೊ ಕಾಲ್‌ನಲ್ಲಿ ಮಾತು ಅರ್ಧಕ್ಕೇ ನಿಂತಿತು. ಪುಟ್ಟಿ ಫೋನ್ ಕಿತ್ತುಕೊಂಡಳು, ಅಷ್ಟರಲ್ಲಿ ನಿಮಗೆ ರಾತ್ರಿ ಊಟದ ಹೊತ್ತಾಯಿತು. ಮೊಬೈಲ್‌ನಲ್ಲಿ ತುಂಡು ತುಂಡಾಗಿ ಬರೆದರೆ ನಿಮಗೆ ಹಿಡಿಸಲ್ಲ ಅಂತ ಗೊತ್ತು. ಅದಕ್ಕೇ ಉದ್ದಕ್ಕೆ ಪತ್ರ ಬರೆದಿದ್ದೇನೆ. ಎದುರುಮನೆ ಹುಡುಗ ಪ್ರಿಂಟ್ ತೆಗೆದು ತಂದುಕೊಡುತ್ತಾನೆ.

ಮುಖ್ಯವಾದ ಮಾತು ಮೊದಲು. ದಯವಿಟ್ಟು ಮೀನಿನ ತೊಟ್ಟಿ ಖಾಲಿ ಮಾಡಿ ತೊಳೆಯಬೇಡಿ. ‘ನೀರು ಹಾಲು ಹಾಲಾಗಿದೆ, ಭಾನುವಾರ ಎಲ್ಲ ತೆಗೆದು, ಕಲ್ಲೆಲ್ಲ ಉಜ್ಜಿ, ಹೊಸ ನೀರು ತುಂಬಿಸಿಬಿಡ್ತೀನಿ’ ಅಂದಿರಲ್ಲ, ಅದನ್ನು ಕೇಳಿ ನನಗೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ನೀವು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವರಲ್ಲ. ಅದೇ ನನ್ನ ಭಯ.

ಫೋನನ್ನು ಗಾಜಿನ ಹತ್ತಿರ ಹಿಡಿದಿರಲ್ಲ, ಆಗ ಎಡಗಡೆ ಮೂಲೆಯಲ್ಲಿ, ಮರದ ಬೇರಿನ ಬುಡದಲ್ಲಿ ಬೆಳ್ಳಗೆ ಏನೋ ಕಾಣಿಸಿತು. ಕಲ್ಲು ಇರಬೇಕು ಅಂದುಕೊಂಡೆ. ಕಲ್ಲಲ್ಲ, ಅನ್ನದ ಅಗುಳು. ಅದರ ಸುತ್ತ ಬೂಷ್ಟು ಬೇರೆ. ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ. ಏಂಜೆಲ್ ಮೀನುಗಳು ಗಾಜಿಗೆ ಮೂತಿ ಹಚ್ಚಿ ಬಾಯಿ ಬಾಯಿ ಬಿಡುತ್ತಿದ್ದರೆ ಯಾರಿಗಾದರೂ ಕರುಳು ಚುರ್ ಅನ್ನುತ್ತೆ. ಆದರೆ ಹೊಟ್ಟೆ ತುಂಬಿದ್ದಾಗಲೂ ಅವು ಹಾಗೇ ಮಾಡುತ್ತವೆ. ಮನುಷ್ಯರು ಹತ್ತಿರ ಬಂದರೆ ಊಟ ಬರುತ್ತೆ ಅಂತ ಕಲಿತುಬಿಟ್ಟಿವೆ, ಅಷ್ಟೇ.

ನಮಗೆ ಹೊತ್ತು ಹೊತ್ತಿಗೆ ಊಟ ಬೇಕು, ಯಾಕೆಂದರೆ ಮೈ ಬೆಚ್ಚಗಿಟ್ಟುಕೊಳ್ಳೋದಕ್ಕೇ ಎಷ್ಟೋ ಶಕ್ತಿ ಖರ್ಚಾಗುತ್ತೆ. ಮೀನಿಗೆ ಆ ಖರ್ಚೇ ಇಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಅಷ್ಟೇ ಬಿಸಿ. ಆರೋಗ್ಯವಾಗಿರೋ ದೊಡ್ಡ ಮೀನು ವಾರಗಟ್ಟಲೆ ಉಪವಾಸ ಇದ್ದರೂ ಏನೂ ಆಗಲ್ಲ. ಊಟ ಜಾಸ್ತಿಯಾದರೆ ಮಾತ್ರ ಎರಡೇ ದಿನದಲ್ಲಿ ತೊಂದರೆ. ತಿಂದು ಉಳಿದದ್ದು ಕೊಳೆಯುತ್ತೆ, ಕೊಳೆತದ್ದು ಅಮೋನಿಯಾ ಆಗುತ್ತೆ. ಅಮೋನಿಯಾ ಮೀನಿಗೆ ವಿಷ. ಕಿವಿರನ್ನೇ ಸುಡುತ್ತೆ.

ಈ ವಿಷವನ್ನು ದಿನಾ ಕಳೆಯುತ್ತಿರೋದು ಯಾರು ಗೊತ್ತಾ? ನೀವು ‘ಎಷ್ಟು ಗಲೀಜಾಗಿದೆ ನೋಡು’ ಅಂದ, ನೀರು ಸೋಸೋ ಆ ಕಂದು ಸ್ಪಂಜು. ಅದರಲ್ಲಿ, ಕಲ್ಲಿನ ಮೇಲೆ, ಬೇರಿನ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಕೂತಿವೆ. ಒಂದು ಜಾತಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತೆ. ಅದೂ ವಿಷವೇ. ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತೆ. ಅದು ಸ್ವಲ್ಪ ಇದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಕ್ಕಂತೂ ಗೊಬ್ಬರ. ಈ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯಾಗೋಕೆ ವಾರಗಟ್ಟಲೆ ಬೇಕು. ನೀವು ಭಾನುವಾರ ಕಲ್ಲು ಉಜ್ಜಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಹಿಂಡಿದರೆ ಅರ್ಧ ಗಂಟೆಯಲ್ಲಿ ಅವೆಲ್ಲ ಹೋದವು. ನೀರು ಫಳ ಫಳ ಅಂತಿರುತ್ತೆ, ಮೀನು ಮಾತ್ರ ಬುಧವಾರದೊಳಗೆ ಮೇಲೆ ಬಂದು ಏದುಸಿರು ಬಿಡುತ್ತವೆ.

ಹಾಲಿನಂಥ ನೀರಿಗೆ ಕಾರಣ ಬೇರೆ ಬ್ಯಾಕ್ಟೀರಿಯಾ. ಉಳಿದ ಅನ್ನ ಸಿಕ್ಕಿದ್ದಕ್ಕೆ ನೀರಿನಲ್ಲೇ ತೇಲಿಕೊಂಡು ಹೆಚ್ಚಿವೆ. ಊಟ ನಿಂತರೆ ಅವೂ ಕೆಲವೇ ದಿನದಲ್ಲಿ ತಾವಾಗೇ ಕಮ್ಮಿಯಾಗುತ್ತವೆ. ಹಾಗಾಗಿ ಭಾನುವಾರದವರೆಗೂ ಏನೂ ಹಾಕಬೇಡಿ. ಮೂಲೆಯಲ್ಲಿರೋ ಅಗುಳನ್ನು ಪೈಪಿನಿಂದ ಎಳೆದು ತೆಗೆಯಿರಿ. ಅದರ ಜೊತೆಗೇ ಸುಮಾರು 20 ಲೀಟರ್ ನೀರು ಹೊರಗೆ ಬರಲಿ, ಅಂದರೆ ದೊಡ್ಡ ಬಕೆಟ್ ಒಂದು. 100 ಲೀಟರಿನ ತೊಟ್ಟಿಗೆ ಅಷ್ಟು ಬದಲಾಯಿಸಿದರೆ ಸಾಕು. ತೆಗೆದ ನೀರನ್ನು ಚೆಲ್ಲಬೇಡಿ, ಮಲ್ಲಿಗೆ ಬಳ್ಳಿಗೆ ಹಾಕಿ. ಸ್ಪಂಜು ನೋಡಿ ನಿಮಗೆ ತಡೆಯೋಕೇ ಆಗದಿದ್ದರೆ, ಅದೇ ಬಕೆಟ್‌ನಲ್ಲಿ ಎರಡು ಸಲ ಅದ್ದಿ ಅಲ್ಲಾಡಿಸಿ ವಾಪಸ್ ಇಡಿ. ನಲ್ಲಿ ನೀರು ಸೋಕಿಸಬೇಡಿ.

ಬದಲಿಗೆ ಹಾಕೋ ನೀರು ಸಂಪಿನದೇ ಇರಲಿ. ಕಾವೇರಿ ನೀರು ಬಿಟ್ಟ ದಿನ ಮಾತ್ರ ಬೇಡ, ಅವತ್ತು ಕ್ಲೋರಿನ್ ವಾಸನೆ ನಿಮಗೇ ಗೊತ್ತಾಗುತ್ತೆ. ಒಂದು ದಿನ ಬಕೆಟ್‌ನಲ್ಲಿ ತೆರೆದಿಟ್ಟರೆ ಬಹುಪಾಲು ಹಾರಿಹೋಗುತ್ತೆ. ಅವಸರವಿದ್ದರೆ ಷೆಲ್ಫಿನ ಮೇಲೆ ಕ್ಲೋರಿನ್ ತೆಗೆಯೋ ಔಷಧಿ ಇದೆ, ಎಷ್ಟು ಹನಿ ಅಂತ ಬಾಟಲಿ ಮೇಲೇ ಬರೆದಿದೆ. ಪಕ್ಕದ ಮನೆಯವರು ಬೋರ್‌ವೆಲ್ ನೀರು ಕೊಡ್ತೀವಿ ಅಂದರೂ ಬೇಡ. ಗಡಸು ನೀರು, ಒಂದೇ ಸಲ ಅಷ್ಟು ಬದಲಾದರೆ ಮೀನಿಗೆ ತಡೆಯಲ್ಲ.

ಸೋಮವಾರದಿಂದ ಊಟ ಹೀಗೆ. ಅಡುಗೆಮನೆ ಗೂಡಿನಲ್ಲಿ ಸ್ಟೀಲ್ ಡಬ್ಬಿ ಇದೆಯಲ್ಲ, ಅದರಲ್ಲಿ ಕುಂಕುಮದ ಪೊಟ್ಟಣದ ಹಾಗೆ ಮಡಿಚಿ ಇಟ್ಟಿದ್ದೇನೆ. ಒಂದು ದಿನಕ್ಕೆ ಒಂದು ಪೊಟ್ಟಣ, ಬೆಳಿಗ್ಗೆ. ಗುರುವಾರ, ಭಾನುವಾರ ಉಪವಾಸ. ಪೊಟ್ಟಣ ಬಿಚ್ಚಿದಾಗ ‘ಇಷ್ಟೇನಾ?’ ಅನ್ನಿಸುತ್ತೆ. ಇಷ್ಟೇ. ಏಂಜೆಲ್ ಮೀನಿನ ಹೊಟ್ಟೆ ಹೆಚ್ಚು ಕಡಿಮೆ ಅದರ ಕಣ್ಣಿನ ಗಾತ್ರದ್ದು ಅಂತ ಮೀನು ಸಾಕೋರು ಲೆಕ್ಕ ಹಾಕುತ್ತಾರೆ. ದೊಡ್ಡ ಡಬ್ಬಿಯನ್ನು ಬೇಕಂತಲೇ ಬೀರುವಿನಲ್ಲಿಟ್ಟು ಬೀಗ ಹಾಕಿ ಬಂದಿದ್ದೇನೆ. ಮಾವ, ನೀವು ಹುಡುಕಿದ್ದೀರಿ ಅಂತ ಇವರು ಹೇಳಿದರು!

ಅಂಗಡಿಯವನು ಮೀನಿನ ಊಟದ ಒಂದು ಬಿಳಿ ಬಿಲ್ಲೆ ಕೊಡ್ತೀನಿ, ನೀರಿಗೆ ಹಾಕಿದರೆ ತಿಂಗಳು ನಿಶ್ಚಿಂತೆ ಅಂದಿದ್ದ. ನಾನು ತಗೊಳ್ಳಲಿಲ್ಲ. ಅದು ಕರಗುತ್ತಾ ಕರಗುತ್ತಾ ನೀರು ಕೆಡಿಸುತ್ತೆ. ಊಟ ತಾನಾಗೇ ಉದುರಿಸೋ ಮಿಷನ್ನೂ ಬೇಡ ಅನ್ನಿಸಿತು. ಮಳೆಗಾಲದ ಥಂಡಿಗೆ ಪುಡಿ ಗಟ್ಟಿಯಾಗಿ ಅಂಟಿಕೊಂಡರೆ ಕೇಳೋರು ಯಾರು? ಮನೆಯಲ್ಲಿ ನೀವಿಬ್ಬರು ಇರುವಾಗ ಅದೆಲ್ಲ ಯಾಕೆ.

ನನಗೆ ನಿಜವಾಗಿ ಚಿಂತೆ ಇರೋದು ಬಿಸಿಲಿನದು. ಅಲ್ಲಿ 35 ಡಿಗ್ರಿ ಅಂತ ಹೇಳಿದಿರಿ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಗಾಜಿಗೆ ಅಂಟಿಸಿರೋ ಥರ್ಮಾಮೀಟರ್ 30 ದಾಟಿದರೆ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಗಾಳಿ ನೀರಿನ ಮೇಲೆ ಬೀಸೋ ಹಾಗೆ ಇಡಿ. ನೀರು ಆವಿಯಾಗುತ್ತಾ ಎರಡು ಡಿಗ್ರಿ ಇಳಿಯುತ್ತೆ. ಐಸ್ ಹಾಕಬೇಡಿ, ಥಟ್ಟನೆ ತಣ್ಣಗಾಗೋದು ಬಿಸಿಗಿಂತ ಕೆಟ್ಟದ್ದು. ಮಧ್ಯಾಹ್ನ ಪಡುವಣ ಕಿಟಕಿಯ ಪರದೆ ಎಳೆದಿರಲಿ. ಲೈಟು ಟೈಮರ್‌ನಲ್ಲೇ ಹೊತ್ತಿ ಆರಲಿ. ನ್ಯೂಸ್ ಮುಗಿಯೋವರೆಗೂ ಹಾಕಿಟ್ಟರೆ ನಿಮಗೆ ಚೆಂದ, ಗಾಜಿಗೆ ಪಾಚಿ.

ಭರಣಿ ಮಳೆ ಶುರುವಾದರೆ ಗಾಳಿಗೆ ಕರೆಂಟ್ ಹೋಗೋದು ಇದ್ದದ್ದೇ. ಏರ್ ಪಂಪನ್ನು ಯುಪಿಎಸ್ ಪ್ಲಗ್ಗಿಗೆ ಹಾಕಿದ್ದೇನೆ. ಅದು ಎಳೆಯೋದು ನಾಲ್ಕೈದು ವ್ಯಾಟ್, ಫ್ಯಾನಿನ ಮುಂದೆ ಲೆಕ್ಕಕ್ಕೇ ಇಲ್ಲ. ರಾತ್ರಿಯಿಡೀ ಹೋದರೂ ಅದೊಂದನ್ನು ಮಾತ್ರ ಆರಿಸಬೇಡಿ. ಮೀನಿಗೂ ಸ್ಪಂಜಿನ ಬ್ಯಾಕ್ಟೀರಿಯಾಕ್ಕೂ ಉಸಿರು ಅದರಿಂದಲೇ.

ಇನ್ನು ತಾರಸಿ ಮೇಲಿನ ಟಬ್ಬಿನ ಗಪ್ಪಿ. ಅವಕ್ಕೆ ಊಟವೇ ಬೇಡ, ಸೊಳ್ಳೆ ಮರಿ ತಿಂದುಕೊಂಡು ಇರುತ್ತವೆ. ಆರೋಗ್ಯ ಇಲಾಖೆಯವರು ಬಾವಿಗಳಿಗೆ ಗಪ್ಪಿ ಬಿಡೋದು ಅದಕ್ಕೇ ತಾನೆ. ಮಳೆ ಬಂದರೆ ಟಬ್ಬು ತುಂಬಿ ಮರಿಗಳು ಕೊಚ್ಚಿಹೋಗದ ಹಾಗೆ ಮೇಲೆ ಸೊಳ್ಳೆಪರದೆ ತುಂಡು ಕಟ್ಟಿಬಿಡಿ.

ಮರಿ ಜಾಸ್ತಿಯಾಗಿವೆ, ಸಕ್ಕರ್ ಮೀನೂ ಗೇಣುದ್ದ ಬೆಳೆದಿದೆ, ವಾಕಿಂಗ್ ಹೋಗುವಾಗ ಕುಕ್ಕರಹಳ್ಳಿ ಕೆರೆಗೆ ಬಿಟ್ಟು ಬರ್ತೀನಿ ಅಂದಿರಿ. ಅದು ಖಂಡಿತ ಬೇಡ ಮಾವ. ಸಕ್ಕರ್ ದಕ್ಷಿಣ ಅಮೆರಿಕದ್ದು. ಮೈಯೆಲ್ಲ ಗಟ್ಟಿ ಚಿಪ್ಪು, ಹಕ್ಕಿಗೂ ನುಂಗೋಕೆ ಕಷ್ಟ. ನಮ್ಮ ಕಡೆಯ ಎಷ್ಟೋ ಕೆರೆಗಳಲ್ಲಿ ಈಗ ಬಲೆಗೆ ಅದೇ ಬೀಳುತ್ತೆ. ಇಲ್ಲೂ ಇದೇ ಕಥೆ. ಜನ ಬೇಡವಾದ ಗೋಲ್ಡ್ ಫಿಶ್ ತಂದು ಕೊಳಗಳಿಗೆ ಬಿಟ್ಟು, ಅವು ಒಂಟಾರಿಯೊ ಸರೋವರದ ಅಂಚಿನವರೆಗೂ ಹಬ್ಬಿವೆ. ಮೇಲೆ ಮಂಜುಗಡ್ಡೆ ಕಟ್ಟಿ ಆಮ್ಲಜನಕ ಇಲ್ಲದಿದ್ದರೂ ಸಾಯಲ್ಲವಂತೆ. ಮೈಯಲ್ಲಿ ಸೇರೋ ಆಮ್ಲವನ್ನು ಆಲ್ಕೊಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತವೆ. ಚಳಿಗಾಲ ಪೂರ್ತಿ ನಶೆಯಲ್ಲೇ ಕಳೆಯುತ್ತವೆ ಅಂತ ಇವರ ತಮಾಷೆ. ಹೆಚ್ಚಾದ ಮೀನನ್ನು ಅಂಗಡಿಯವನೇ ವಾಪಸ್ ತಗೊಳ್ಳುತ್ತಾನೆ, ನಾವು ಬರೋವರೆಗೂ ಇರಲಿ.

ಇಲ್ಲಿ ಊರ ನಡುವಿನ ರಿಪ್ಲೀಸ್ ಅಕ್ವೇರಿಯಂಗೆ ಪುಟ್ಟಿಯನ್ನು ಕರೆದುಕೊಂಡು ಹೋಗಿದ್ದೆವು. ಒಟ್ಟು 57 ಲಕ್ಷ ಲೀಟರ್ ನೀರು. ನೆಲವೇ ನಿಧಾನಕ್ಕೆ ಚಲಿಸುತ್ತೆ, ತಲೆ ಮೇಲೆ ಶಾರ್ಕ್ ಹೋಗುತ್ತೆ. ಅತ್ತೆಗೆ ಹೇಳಿ, ಇಂಥ ದೊಡ್ಡ ಅಕ್ವೇರಿಯಂಗಳಲ್ಲಿ ಶಾರ್ಕಿಗೂ ದಿನಾ ಊಟ ಇಲ್ಲ, ವಾರಕ್ಕೆ ಕೆಲವೇ ಸಲ. ಪುಟ್ಟಿ ಮಾತ್ರ ‘ನಮ್ಮನೆ ಏಂಜೆಲ್ಲೇ ಚೆನ್ನಾಗಿದೆ’ ಅಂದಳು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೀನು ಎಣಿಸಿ. ಒಂದು ಕಮ್ಮಿ ಇದ್ದರೆ ಬೇರಿನ ಹಿಂದೆ ನೋಡಿ. ಸತ್ತಿದ್ದರೆ ತಕ್ಷಣ ತೆಗೆದು ಗಿಡದ ಬುಡಕ್ಕೆ ಹಾಕಿ, ಒಳಗೇ ಕೊಳೆಯೋಕೆ ಬಿಡಬೇಡಿ. ದೊಡ್ಡ ಏಂಜೆಲ್‌ಗೆ ವಯಸ್ಸಾಗಿದೆ, ಏನಾದರೂ ಆದರೆ ನಿಮ್ಮಿಂದ ಅಂದುಕೊಳ್ಳಬೇಡಿ. ಪುಟ್ಟಿಗೆ ಗೊತ್ತಾಗಬಾರದು ಅಂತ ಅದೇ ಥರದ್ದು ತಂದು ಬಿಡೋದೂ ಬೇಡ. ಅವಳು ಪಟ್ಟೆ ನೋಡಿ ಕಂಡುಹಿಡಿದುಬಿಡುತ್ತಾಳೆ.

ಗ್ಯಾಸ್ ಬುಕ್ ಮಾಡಿದ್ದಾರೆ ಇವರು, ಸಿಲಿಂಡರ್ ಬಂದರೆ ಒಂದು ಮಾತು ತಿಳಿಸಿ. ನಿಮ್ಮ ಬಿಪಿ ಮಾತ್ರೆ ಮುಗಿಯೋಕೆ ಮುಂಚೆ ತರಿಸಿಕೊಳ್ಳಿ.

ಇಂತಿ ನಿಮ್ಮ ಸೊಸೆ,
ಶುಭಾ

ಇನ್ನೊಂದು ವಿಷಯ: ಏರ್ ಪಂಪಿನ ಟ್ಯೂಬಿನ ಮಧ್ಯೆ ಹೆಬ್ಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಗುಂಡಿ ಇದೆ, ಅದನ್ನು ಕಿತ್ತುಹಾಕಬೇಡಿ. ಪಂಪು ನಿಂತರೆ ತೊಟ್ಟಿ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೂ ಪ್ಲಗ್ಗಿಗೂ ಇಳಿಯದ ಹಾಗೆ ತಡೆಯೋದು ಅದೇ. ಒರೆಸುವಾಗ ಪಂಪನ್ನು ಮೇಲಿನ ಷೆಲ್ಫಿನಿಂದ ನೆಲಕ್ಕೆ ಇಳಿಸಬೇಡಿ ಅಂತ ಕೆಲಸದವಳಿಗೂ ಹೇಳಿ.