ಏರ್ ಪ್ಯೂರಿಫೈಯರ್ ಇಟ್ಟರಷ್ಟೇ ಸಾಲದು

ಮಾನ್ಯ ಸಂಪಾದಕರೆ,

ಘಾಟ್ಕೋಪರ್‌ನಲ್ಲಿ ಮೊಮ್ಮಗ ಓದುವ ಶಾಲೆಗೆ ಹಳೆ ವಿದ್ಯಾರ್ಥಿಗಳು ತರಗತಿಗೊಂದರಂತೆ ಏರ್ ಪ್ಯೂರಿಫೈಯರ್ ಕೊಡಿಸಿದ್ದಾರೆ. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ಆದರೆ ಪಾಲಕರ ಸಭೆಗೆ ಹೋದಾಗ ನೋಡಿದೆ: ಯಂತ್ರ ಕಪಾಟಿನ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಎಸಿ ರಿಪೇರಿಯಲ್ಲೇ ತಲೆ ಹಣ್ಣಾದವನು ನಾನು, ಕೈ ಸುಮ್ಮನಿರಲಿಲ್ಲ. ಮುಚ್ಚಳ ತೆಗೆದರೆ ಫಿಲ್ಟರಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೇ ಯಾರೂ ಬಿಚ್ಚಿರಲಿಲ್ಲ! ಹಸಿರು ದೀಪ ಮಾತ್ರ ಜೋರಾಗಿ ಉರಿಯುತ್ತಿತ್ತು.

ಈ ಯಂತ್ರದೊಳಗಿನ ಹೆಪಾ ಎಂಬ ಒತ್ತೆಳೆಯ ಫಿಲ್ಟರ್ ಕಣ್ಣಿಗೆ ಕಾಣದ 0.3 ಮೈಕ್ರಾನ್ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ. ಕೆಮ್ಮಿದಾಗ, ಮಾತಾಡಿದಾಗ ಹೊರಬಿದ್ದು ತೇಲುವ ಸೋಂಕಿನ ಹನಿಗಳೂ ಅದಕ್ಕೆ ಸಿಗುತ್ತವೆ. ಆದರೆ ಗಾಳಿ ಅದರೊಳಗೆ ಹಾಯಬೇಕಲ್ಲ? ಗಂಟೆಗೆ ಕನಿಷ್ಠ 5 ಸಲ ಕೋಣೆಯ ಗಾಳಿ ಬದಲಾಗುವಷ್ಟು ಶುದ್ಧ ಗಾಳಿ ಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2023ರಲ್ಲಿ ಹೇಳಿದೆ. 25 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ತರಗತಿಗೆ ಅದು ಗಂಟೆಗೆ ಸುಮಾರು 700 ಘನ ಮೀಟರ್. ಮಲಗುವ ಕೋಣೆಗೆಂದು ಮಾರುವ, 250 ಸಿಎಡಿಆರ್‌ನ (ಅಂದರೆ ಗಂಟೆಗೆ 250 ಘನ ಮೀಟರ್ ಶುದ್ಧ ಗಾಳಿ ಕೊಡುವ) ಯಂತ್ರ ಒಂದಿಟ್ಟರೆ ಎಲ್ಲಿಗೆ ಸಾಕು? ಆ ಅಂಕಿಯೂ ಪೂರ್ಣ ವೇಗದ್ದು. ಸದ್ದಿಗೆ ಪಾಠ ಕೇಳಿಸದೆಂದು ಟೀಚರ್ ವೇಗ ಇಳಿಸುತ್ತಾರೆ, ಅವರನ್ನು ದೂರುವಂತಿಲ್ಲ. ದೊಡ್ಡ ಯಂತ್ರ ಕೊಂಡು ನಡುವೇಗದಲ್ಲಿ ಓಡಿಸುವುದೇ ಸರಿ.

ಯಂತ್ರವಿದೆಯೆಂದು ಕಿಟಕಿಗಳನ್ನು ಸದಾ ಮುಚ್ಚಿಡಬೇಡಿ. ಮಕ್ಕಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಈ ಫಿಲ್ಟರ್ ತೆಗೆಯುವುದಿಲ್ಲ. ದಾನಿಗಳು ಬದಲಿ ಫಿಲ್ಟರಿಗೂ ಒಂದಿಷ್ಟು ಹಣ ಎತ್ತಿಡಲಿ.

– ನಿವೃತ್ತ ಎಸಿ ಮೆಕ್ಯಾನಿಕ್, ಘಾಟ್ಕೋಪರ್, ಮುಂಬಯಿ