ಗೋಡೆಯ ಮೇಲೆ 24 ಡಿಗ್ರಿ, ನೆಲಮಾಳಿಗೆಯಲ್ಲಿ ಬೇರೆಯೇ ಲೆಕ್ಕ

ಮಾನ್ಯ ಸಂಪಾದಕರೇ,

ಎ.ಸಿ.ಗಳು 20 ಡಿಗ್ರಿಗಿಂತ ಕೆಳಗೆ ಇಳಿಯದಂತೆ, 28 ಡಿಗ್ರಿಗಿಂತ ಮೇಲೆ ಏರದಂತೆ ಕಟ್ಟುಪಾಡು ತರುವ ಆಲೋಚನೆಯನ್ನು ಕೇಂದ್ರ ಇಂಧನ ಸಚಿವ ಮನೋಹರ್ ಲಾಲ್ ಅವರು 2025ರ ಜೂನ್‌ನಲ್ಲಿ ಪ್ರಕಟಿಸಿದಂದಿನಿಂದ ಆ ಚರ್ಚೆ ಪೂರ್ತಿ ನಿಂತಿಲ್ಲ. ಬೇಸಿಗೆ ಬಂದರೆ ಸಾಕು, ಮತ್ತೆ ಏಳುತ್ತದೆ. ಕೆಲವರು ಇದನ್ನು ಸ್ವಾಗತಿಸುತ್ತಾರೆ. ನಮ್ಮ ಮನೆಯ ರಿಮೋಟಿಗೂ ಸರ್ಕಾರ ಕೈಹಾಕಬೇಕೇ ಎಂದು ಕೆಲವರು ರೇಗುತ್ತಾರೆ. ಮನೆಯ ಎ.ಸಿ.ಯ ಮಟ್ಟಿಗೆ ನನ್ನ ತಕರಾರೇನೂ ಇಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹಿಂದಿನಿಂದಲೂ ಹೇಳುತ್ತ ಬಂದಿದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎ.ಸಿ.ಗಳೆಲ್ಲ 24 ಡಿಗ್ರಿಗೆ ಹೊಂದಿಸಿಯೇ ಕಾರ್ಖಾನೆಯಿಂದ ಹೊರಬೀಳಬೇಕು ಎಂಬ ನಿಯಮವೂ ಬಂದಿದೆ. ನನ್ನ ಮಾತು ದೊಡ್ಡ ಕಟ್ಟಡಗಳದ್ದು. ಅಲ್ಲಿ ಕೋಣೆಯ ಡಿಗ್ರಿ ಸರಿ ಇದ್ದ ಮಾತ್ರಕ್ಕೆ ವಿದ್ಯುತ್ತಿನ ಲೆಕ್ಕವೂ ಸರಿ ಇದೆ ಎಂದು ತಿಳಿಯುವಂತಿಲ್ಲ.

ನಾನು ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿ ಸಮುಚ್ಚಯದಲ್ಲಿ ಬಿಎಂಎಸ್ ಆಪರೇಟರ್. ಐಟಿಐನಲ್ಲಿ ಕಲಿತದ್ದು ರೆಫ್ರಿಜರೇಷನ್ ಮತ್ತು ಎ.ಸಿ. ಮೆಕ್ಯಾನಿಕ್ ಕೆಲಸ. ಹೋಟೆಲು, ಆಸ್ಪತ್ರೆ, ಮಾಲ್ ಎಲ್ಲ ದಾಟಿ ಈಗ ಕಚೇರಿಗೆ ಬಂದಿದ್ದೇನೆ. ಕಟ್ಟಡದ ಚಿಲ್ಲರ್, ಪಂಪು, ಗಾಳಿಯಂತ್ರ, ದೀಪ ಎಲ್ಲವನ್ನೂ ಒಂದು ಕಂಪ್ಯೂಟರ್ ಪರದೆಗೆ ತಂದು ನೋಡುವ ವ್ಯವಸ್ಥೆಗೆ ಬಿಎಂಎಸ್ (ಬಿಲ್ಡಿಂಗ್ ಮ್ಯಾನೇಜ್ಮೆಂಟ್ ಸಿಸ್ಟಂ) ಎನ್ನುತ್ತಾರೆ. ನಮ್ಮ ಕೋಣೆ ಸಾಮಾನ್ಯವಾಗಿ ಎರಡನೇ ನೆಲಮಾಳಿಗೆಯಲ್ಲಿ, ಡೀಸೆಲ್ ಜನರೇಟರ್ ಪಕ್ಕದಲ್ಲಿ ಇರುತ್ತದೆ. ಮೇಲಿನ ಸ್ವಾಗತಕಾರಿಣಿಗೆ ಅದು ಎಲ್ಲಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ.

ಕೆಲಸ ನಡೆಯುವ ಬಗೆ ಸರಳವಾಗಿಯೇ ಇದೆ. ಟೆರೇಸಿನ ಅಥವಾ ನೆಲಮಾಳಿಗೆಯ ಚಿಲ್ಲರ್ ನೀರನ್ನು ಸುಮಾರು 7 ಡಿಗ್ರಿಗೆ ತಣಿಸಿ ಪ್ರತಿ ಮಹಡಿಗೆ ಕಳಿಸುತ್ತದೆ. ಅಲ್ಲಿನ ಎಎಚ್‌ಯು, ಅಂದರೆ ಗಾಳಿಯಂತ್ರ, ಕೋಣೆಯ ಗಾಳಿಯನ್ನು ಎಳೆದು ಆ ತಣ್ಣೀರಿನ ಸುರುಳಿಗಳ ಮೇಲೆ ಹಾಯಿಸುತ್ತದೆ. ಗಾಳಿಯ ಬಿಸಿಯನ್ನು ಹೊತ್ತು ನೀರು 12 ಡಿಗ್ರಿಯ ಸುಮಾರಿಗೆ ಹಿಂದಿರುಗುತ್ತದೆ. ಮರಳಿ ಬರುವ ಗಾಳಿಯಲ್ಲಿ ಒಂದು ಸೆನ್ಸರ್ ಇರುತ್ತದೆ. ಗಾಳಿ 24ಕ್ಕಿಂತ ಬಿಸಿಯಾಗಿದ್ದರೆ ನಿಯಂತ್ರಕವು ವಾಲ್ವನ್ನು ಇನ್ನಷ್ಟು ತೆರೆಯುತ್ತದೆ, ತಂಪಾದರೆ ಮುಚ್ಚುತ್ತ ಬರುತ್ತದೆ. ಜನ ಕಡಿಮೆ ಇದ್ದಾಗ ಫ್ಯಾನಿನ ವೇಗ ಇಳಿಸುತ್ತದೆ. ಉಳಿತಾಯದ ಗುಟ್ಟು ಬಹುಮಟ್ಟಿಗೆ ಇಲ್ಲೇ ಇದೆ. ಫ್ಯಾನಿನ ವೇಗವನ್ನು ಶೇ 80ಕ್ಕೆ ಇಳಿಸಿದರೆ ಅದು ಎಳೆಯುವ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ವೇಗದ ಘನಕ್ಕೆ ತಕ್ಕಂತೆ ವಿದ್ಯುತ್ ಬದಲಾಗುತ್ತದೆ. ಇದಕ್ಕೆ ಯಾರ ಮನೆಯ ರಿಮೋಟೂ ಬೇಕಿಲ್ಲ.

ಆದರೆ ಇದೆಲ್ಲ ‘ಆಟೋ’ದಲ್ಲಿ ಇದ್ದಾಗ ಮಾತ್ರ. ಐದನೇ ಮಹಡಿಯಿಂದ ಫೋನ್ ಬರುತ್ತದೆ: ಸೆಕೆ. ಅಲ್ಲಿಯ ಹತ್ತು ಹನ್ನೆರಡು ಮೇಜುಗಳಿಗೆ ಗಾಳಿ ಬಿಡುವ ಪೆಟ್ಟಿಗೆಯ ಥರ್ಮೋಸ್ಟಾಟ್, ಅಂದರೆ ತಾಪ ನೋಡುವ ಸೆನ್ಸರ್, ಇರುವುದು ಮ್ಯಾನೇಜರರ ಕೋಣೆಯೊಳಗೆ. ಅವರು ಬಾಗಿಲು ಮುಚ್ಚಿ ಮೀಟಿಂಗಿಗೆ ಹೋಗಿದ್ದಾರೆ, ಖಾಲಿ ಕೋಣೆ ತಣ್ಣಗಿದೆ. ಆದ್ದರಿಂದ ಪೆಟ್ಟಿಗೆಯೂ ಮುಚ್ಚಿಕೊಂಡಿದೆ. ಹೊರಗೆ ಪಶ್ಚಿಮದ ಗಾಜಿನ ಪಕ್ಕದಲ್ಲಿ ಕೂತವರು ಮಧ್ಯಾಹ್ನ ಮೂರರ ಬಿಸಿಲಲ್ಲಿ ಬೇಯುತ್ತಿದ್ದಾರೆ. ಸೆನ್ಸರನ್ನು ಸರಿಯಾದ ಗೋಡೆಗೆ ಸರಿಸಿದರೆ ಮುಗಿಯಿತು. ಅದಕ್ಕೆ ಕೊಟೇಷನ್ ಬೇಕು, ಒಪ್ಪಿಗೆ ಬೇಕು, ಶನಿವಾರದ ಕೆಲಸದ ಪರವಾನಗಿ ಬೇಕು. ಫೋನ್ ಮಾಡಿದವರಿಗೆ ಐದು ನಿಮಿಷದಲ್ಲಿ ತಂಪು ಬೇಕು. ಹಾಗಾಗಿ ಆ ಪಾಳಿಯ ಆಪರೇಟರ್ ವಾಲ್ವನ್ನು ಮ್ಯಾನುಯಲ್‌ಗೆ ಹಾಕಿ ನೂರಕ್ಕೆ ನೂರು ತೆರೆದುಬಿಡುತ್ತಾನೆ. ಫೋನ್ ನಿಲ್ಲುತ್ತದೆ. ಸಂಜೆ ಅದೇ ಮಹಡಿಯ ಇನ್ನೊಂದು ಮೂಲೆಯಲ್ಲಿ ಶಾಲು ಹೊದ್ದು ಕೂತವರು ಏಪ್ರಿಲ್‌ನಲ್ಲೂ ಕಾಣಸಿಗುತ್ತಾರೆ. ಮ್ಯಾನುಯಲ್‌ಗೆ ಹಾಕಿದ್ದನ್ನು ಮತ್ತೆ ಆಟೋಗೆ ತರುವುದು ಯಾರ ಕೆಲಸ ಎಂದು ಯಾವ ಗುತ್ತಿಗೆ ಪತ್ರದಲ್ಲೂ ಬರೆದಿರುವುದಿಲ್ಲ.

ಇಂಥ ಹತ್ತಾರು ವಾಲ್ವ್‌ಗಳು ಪೂರ್ತಿ ತೆರೆದುಕೊಂಡರೆ ನೀರು ತನ್ನ ಕೆಲಸ ಮುಗಿಸುವ ಮೊದಲೇ ಓಡಿ ಬರುತ್ತದೆ. 12ರಲ್ಲಿ ಮರಳಬೇಕಾದದ್ದು 9ಕ್ಕೇ ಮರಳುತ್ತದೆ. ಚಿಲ್ಲರ್‌ಗೆ ಹೊರೆ ಅರ್ಧದಷ್ಟೂ ಇಲ್ಲ, ಆದರೆ ಅಷ್ಟು ನೀರನ್ನು ಸುತ್ತಿಸಲು ಎರಡನೇ ಪಂಪು ಬೇಕಾಗುತ್ತದೆ, ಅದರ ಬೆನ್ನಿಗೆ ಎರಡನೇ ಚಿಲ್ಲರ್ ಕೂಡ. 500 ಟನ್‌ನ ಒಂದು ಚಿಲ್ಲರ್ ಪೂರ್ತಿ ಹೊರೆಯಲ್ಲಿ ಸುಮಾರು 300 ಕಿಲೋವ್ಯಾಟ್ ಎಳೆಯುವ ಯಂತ್ರ (ಇಲ್ಲಿ ಟನ್ ಎಂದರೆ ತಣಿಸುವ ಸಾಮರ್ಥ್ಯದ ಅಳತೆ, ತೂಕವಲ್ಲ). ಅಂಥದೊಂದು ಅನಗತ್ಯವಾಗಿ ಓಡುತ್ತಿರುವಾಗಲೂ ಕೋಣೆಯ ಗೋಡೆಯ ಮೇಲೆ 24 ಎಂದೇ ಇರುತ್ತದೆ. ತಪಾಸಣೆಗೆ ಬಂದವರು ಅದನ್ನೇ ಬರೆದುಕೊಂಡು ಹೋಗುತ್ತಾರೆ.

ಹಿಂದೆ ಕೆಲಸ ಮಾಡಿದ ಆಸ್ಪತ್ರೆಯೊಂದರ ಸಂಗತಿ ಹೇಳಿದರೆ ನನ್ನ ವಾದ ಇನ್ನೂ ಸ್ಪಷ್ಟವಾದೀತು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತಂಪಿನಷ್ಟೇ ತೇವಾಂಶವೂ ಮುಖ್ಯ. ಗಾಳಿಯನ್ನು ಚೆನ್ನಾಗಿ ತಣಿಸಿ ಅದರ ತೇವವನ್ನು ಹಿಂಡಿ, ಅತಿಯಾಗಿ ತಣ್ಣಗಾದ ಆ ಗಾಳಿಯನ್ನು ಹೀಟರ್ ಮೇಲೆ ಹಾಯಿಸಿ ತುಸು ಬೆಚ್ಚಗೆ ಮಾಡಿ ಒಳಗೆ ಬಿಡುತ್ತಾರೆ. ಬೆಂಗಳೂರಿನಲ್ಲಿ ಕಟ್ಟಡಕ್ಕೆ ಹೀಟರ್ ಏಕೆ ಎನ್ನುವವರಿಗೆ ಇದು ಉತ್ತರ. ಅಲ್ಲಿ ಒಂದು ಹೀಟರಿನ ಕಾಂಟ್ಯಾಕ್ಟರ್, ಅಂದರೆ ಅದಕ್ಕೆ ವಿದ್ಯುತ್ ಕೊಡುವ ಸ್ವಿಚ್ಚು, ಬೆಸೆದುಕೊಂಡು ಕೂತಿತ್ತು. ಪರದೆಯಲ್ಲಿ ‘ಆಫ್’ ಎಂದು ಕಾಣುತ್ತಿತ್ತು, ಏಕೆಂದರೆ ಪರದೆ ತೋರಿಸುವುದು ತಾನು ಕೊಟ್ಟ ಆಜ್ಞೆಯನ್ನು. ಅದು ಪಾಲನೆಯಾಯಿತೇ ಎಂದು ತಿಳಿಯಲು ಇನ್ನೊಂದು ತಂತಿ ಎಳೆಯಬೇಕು, ಖರ್ಚು ಉಳಿಸಲು ಅದನ್ನು ಎಳೆದಿರಲಿಲ್ಲ. ಹೀಟರ್ ಹಗಲೂ ರಾತ್ರಿ ಕಾಯಿಸುತ್ತಿತ್ತು. ಗಾಳಿ ಬಿಸಿಯಾಯಿತೆಂದು ನಿಯಂತ್ರಕ ವಾಲ್ವನ್ನು ಇನ್ನಷ್ಟು ತೆರೆದು ತಣಿಸುತ್ತಿತ್ತು. ಒಂದು ಕೈಯಲ್ಲಿ ಒಲೆ ಊದುತ್ತ ಇನ್ನೊಂದು ಕೈಯಲ್ಲಿ ನೀರು ಸುರಿದಂತೆ. ಕೊಠಡಿಯಲ್ಲಿ ಮಾತ್ರ ಅಚ್ಚುಕಟ್ಟಾಗಿ 21 ಡಿಗ್ರಿ. ವೈದ್ಯರಿಂದ ದೂರಿಲ್ಲ, ಅಲಾರಂ ಇಲ್ಲ. ಒಂದು ಇಡೀ ಬೇಸಿಗೆ ಹೀಗೆ ಕಳೆಯಿತು. ಬೇರೆ ಯಾವುದೋ ಕೆಲಸಕ್ಕೆ ಬಂದ ಎಲೆಕ್ಟ್ರೀಷಿಯನ್ ಒಬ್ಬರು ಆ ಕೇಬಲ್ಲಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದದ್ದರಿಂದ ವಿಷಯ ಬಯಲಾಯಿತು. ಸ್ವಯಂಚಾಲಿತ ವ್ಯವಸ್ಥೆ ಕೆಟ್ಟದ್ದನ್ನು ಮುಚ್ಚಿಡುವುದರಲ್ಲೂ ಜಾಣ. ಮನುಷ್ಯರೇ ನಡೆಸುತ್ತಿದ್ದರೆ ಮೊದಲ ದಿನವೇ ಯಾರಾದರೂ ಬೆವರಿ ಕೂಗುತ್ತಿದ್ದರು.

ದೀಪಗಳದ್ದು ಇಷ್ಟು ದೊಡ್ಡ ಕಥೆಯಲ್ಲ. ಚಾವಣಿಯ ಚಲನ ಸೆನ್ಸರ್ ಅಲುಗಾಡದೆ ಕೂತು ಓದುವವರನ್ನು ಇಲ್ಲವೆಂದೇ ಎಣಿಸಿ ದೀಪ ಆರಿಸುತ್ತದೆ. ಅವರು ಕೈಬೀಸಿ ಬೀಸಿ ಬೇಸತ್ತು ದೂರು ಕೊಡುತ್ತಾರೆ. ದೂರಿಗೆ ಮದ್ದೆಂದರೆ ಸೆನ್ಸರನ್ನೇ ಬೈಪಾಸ್ ಮಾಡುವುದು. ಆರುವ ಮೊದಲಿನ ಬಿಡುವನ್ನು ಐದು ನಿಮಿಷದಿಂದ ಇಪ್ಪತ್ತಕ್ಕೆ ಏರಿಸಿದ್ದರೆ ಸಾಕಿತ್ತು. ಇನ್ನು ಗಾಜಿನ ಕಟ್ಟಡ ಕಟ್ಟಿ, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಪರದೆ ಇಳಿಸಿ, ಒಳಗೆ ಹಾಡುಹಗಲಲ್ಲಿ ದೀಪ ಉರಿಸುವ ಚಂದಕ್ಕೆ ಏನೆನ್ನಬೇಕೋ ವಾಸ್ತುಶಿಲ್ಪಿಗಳೇ ಹೇಳಬೇಕು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಶಿಕ್ಷಕರಾಗಿದ್ದ ವಾರನ್ ಜಾನ್ಸನ್ ಎಂಬವರು 1883ರಲ್ಲಿ ಕೋಣೆಗೆ ಅಳವಡಿಸುವ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಶಾಲೆಯ ನೌಕರ ಪ್ರತಿ ತರಗತಿಗೂ ನುಗ್ಗಿ ಚಳಿ ಎಷ್ಟಿದೆ ಎಂದು ನೋಡಿ ಹೋಗುತ್ತಿದ್ದುದು ಅವರ ಪಾಠಕ್ಕೆ ಅಡ್ಡಿಯಾಗುತ್ತಿತ್ತಂತೆ. ಅವರ ಸಾಧನ ಮೊದಲಿಗೆ ಮಾಡಿದ್ದು ಇಷ್ಟೇ: ನೆಲಮಾಳಿಗೆಯಲ್ಲಿ ಗಂಟೆ ಬಾರಿಸುವುದು. ಗಂಟೆ ಕೇಳಿ ಅಲ್ಲಿನವನು ಒಲೆಯ ಗಾಳಿಯನ್ನು ಹೆಚ್ಚು ಕಡಿಮೆ ಮಾಡುತ್ತಿದ್ದ. ಗಂಟೆ ಕೇಳಲು ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತ ವಿದ್ಯೆ ಇದು. ಇವತ್ತು ನನ್ನ ಪರದೆಯ ಅಲಾರಂ ಪಟ್ಟಿಯನ್ನು ಉರುಳಿಸಿದರೆ ತುದಿ ಸಿಗುವುದಿಲ್ಲ. ಫಿಲ್ಟರ್ ಕಟ್ಟಿದೆ, ಸೆನ್ಸರ್ ಸತ್ತಿದೆ, ಸಂಪರ್ಕ ಕಡಿದಿದೆ. ಯಾವುದು ತುರ್ತು, ಯಾವುದು ತಂಟೆ ಎಂದು ವಿಂಗಡಿಸಿ ಕೊಡಬೇಕಾದ ಕಂಪನಿಯವರು ಕಟ್ಟಡ ಉದ್ಘಾಟನೆಯಾದ ವರ್ಷವೇ ಹೊರಟುಹೋಗಿದ್ದಾರೆ. ಪ್ರೋಗ್ರಾಂ ತಿದ್ದುವ ಪಾಸ್‌ವರ್ಡ್ ಕೂಡ ಅವರ ಜೊತೆಯೇ ಹೋಗಿದೆ. ಒಂದು ವೇಳಾಪಟ್ಟಿ ಬದಲಿಸಲೂ ಅವರನ್ನು ಕರೆಸಿ ದಿನದ ಲೆಕ್ಕದಲ್ಲಿ ಹಣ ಕೊಡಬೇಕು. ವಾರ್ಷಿಕ ನಿರ್ವಹಣಾ ಗುತ್ತಿಗೆಯ ಬೆಲೆ ನೋಡಿ ಮಾಲೀಕರು ಕೈಬಿಡುತ್ತಾರೆ. ಕೋಟಿಗಟ್ಟಲೆ ಸುರಿದು ಕೂಡಿಸಿದ ವ್ಯವಸ್ಥೆ ಕೊನೆಗೆ ಆನ್-ಆಫ್ ಮಾಡುವ ದುಬಾರಿ ಸ್ವಿಚ್ಚಾಗಿ ಉಳಿಯುತ್ತದೆ.

ಬೆಂಗಳೂರಿಗೆ ಸಿಕ್ಕಿರುವ ಹವೆಯನ್ನು ನೆನೆದರೆ ಹೊಟ್ಟೆ ಇನ್ನಷ್ಟು ಉರಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು ಇದು. ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಹೊರಗೆ 15–16 ಡಿಗ್ರಿ ಇರುತ್ತದೆ. ಆ ಗಾಳಿಯನ್ನು ಸೋಸಿ ಹಾಗೆಯೇ ಒಳಗೆ ಬಿಟ್ಟರೆ ಗಂಟೆಗಳ ಕಾಲ ಚಿಲ್ಲರ್ ಎಬ್ಬಿಸುವ ಅಗತ್ಯವೇ ಇಲ್ಲ. ಹೊರಗಿನ ಗಾಳಿಯನ್ನು ಒಳಬಿಡುವ ಕದ, ಅಂದರೆ ಡ್ಯಾಂಪರ್, ಮತ್ತು ಅದನ್ನು ತೆರೆಯುವ ಮೋಟಾರ್ ಅನೇಕ ಕಟ್ಟಡಗಳಲ್ಲಿ ಆಗಲೇ ಇವೆ. ಕೋವಿಡ್ ಬಂದಾಗ, 2020ರಲ್ಲಿ, ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಇಶ್ರೇ 24ರಿಂದ 30 ಡಿಗ್ರಿ ಇಟ್ಟುಕೊಳ್ಳಿ, ಹೊರಗಿನ ಗಾಳಿಯನ್ನು ಹೆಚ್ಚು ತನ್ನಿ ಎಂದಿತು. ಆಗ ತುಕ್ಕು ಹಿಡಿದ ಡ್ಯಾಂಪರ್‌ಗಳನ್ನು ಎಣ್ಣೆ ಹಾಕಿ ಬಿಡಿಸಿದೆವು. ಭಯ ಹೋದ ಮೇಲೆ ಧೂಳು ಬರುತ್ತದೆ, ಬಿಲ್ ಏರುತ್ತದೆ ಎಂದು ಮುಚ್ಚಿಸಿದರು. ಮಾರ್ಚ್ ಮಧ್ಯಾಹ್ನಕ್ಕೆ ಆ ಮಾತು ಸರಿ. ಜನವರಿಯ ಬೆಳಗಿಗೂ ಅದೇ ಬೀಗ ಏಕೆ? ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೊರಗಿನ ತಾಪ, ತೇವ, ಒಳಗಿನ ಇಂಗಾಲದ ಡೈಆಕ್ಸೈಡ್ ನೋಡಿ ತಾನೇ ತೀರ್ಮಾನಿಸಲಿ ಎಂದೇ ಅಲ್ಲವೇ ಈ ವ್ಯವಸ್ಥೆಯನ್ನು ಕೊಂಡದ್ದು?

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಿಂದ ಇದೆ, 2017ರಲ್ಲಿ ಪರಿಷ್ಕರಣೆಯಾಯಿತು. 100 ಕಿಲೋವ್ಯಾಟ್ ಸಂಪರ್ಕ ಹೊರೆ ಅಥವಾ 120 ಕೆವಿಎ ಒಪ್ಪಂದದ ಬೇಡಿಕೆ ಮುಟ್ಟುವ ವಾಣಿಜ್ಯ ಕಟ್ಟಡಗಳಿಗೆ ಅದು ಬರೆದದ್ದು. ನಕ್ಷೆ ಮಂಜೂರಾಗುವಾಗ ಕಾಗದದಲ್ಲಿ ಸೆನ್ಸರ್, ಟೈಮರ್, ವೇಗ ನಿಯಂತ್ರಕ ಎಲ್ಲವೂ ಇರುತ್ತವೆ. ನಾನು ದುಡಿದ ಕಟ್ಟಡಗಳಲ್ಲಿ, ಐದು ವರ್ಷದ ಮೇಲೆ ಅವುಗಳಲ್ಲಿ ಎಷ್ಟು ಬದುಕಿವೆ ಎಂದು ಕೇಳಲು ಯಾರೂ ಬಂದದ್ದನ್ನು ಕಾಣೆ.

ಹೊಸ ಕಾನೂನೇ ಬೇಕೆಂದು ನಾನು ಹೇಳುತ್ತಿಲ್ಲ. ಇಂಧನ ಲೆಕ್ಕಪರಿಶೋಧನೆಗೆ ಬರುವವರು ಕೋಣೆಯ ಉಷ್ಣಾಂಶ ಬರೆದುಕೊಳ್ಳುವುದರ ಜೊತೆಗೆ ಒಂದು ಪಟ್ಟಿ ಕೇಳಲಿ: ಈ ಹೊತ್ತು ಎಷ್ಟು ವಾಲ್ವ್, ಫ್ಯಾನ್, ದೀಪದ ಸರ್ಕ್ಯೂಟುಗಳು ಮ್ಯಾನುಯಲ್‌ನಲ್ಲಿವೆ, ಎಂದಿನಿಂದ ಇವೆ? ಸಾಮಾನ್ಯವಾಗಿ ಬಿಎಂಎಸ್ ಇದನ್ನು ಕೆಲವೇ ನಿಮಿಷಗಳಲ್ಲಿ ಮುದ್ರಿಸಿ ಕೊಡುತ್ತದೆ. ಕಳೆದ ವಾರದ ನೀರಿನ ಹೋಗುವ-ಬರುವ ತಾಪದ ಗ್ರಾಫನ್ನೂ ಕೇಳಲಿ. ಈ ಎರಡು ಹಾಳೆಗಳಲ್ಲಿ ಕಟ್ಟಡದ ಜಾತಕವೇ ಇರುತ್ತದೆ. ಸರ್ಕಾರ ಮೊದಲು ತನ್ನ ಕಚೇರಿ, ಆಸ್ಪತ್ರೆಗಳಲ್ಲಿ ಇದನ್ನು ಮಾಡಿಸಿ ಹಾಳೆಗಳನ್ನು ಜಾಲತಾಣದಲ್ಲಿ ಹಾಕಲಿ. ಪಾಸ್‌ವರ್ಡ್ ಕಟ್ಟಡದ ಮಾಲೀಕರಿಗೆ ಹಸ್ತಾಂತರವಾಗದೆ ಕೊನೆಯ ಕಂತು ಬಿಡುಗಡೆಯಿಲ್ಲ ಎಂಬ ಒಂದು ಸಾಲು ಟೆಂಡರಿನಲ್ಲಿ ಸೇರಲಿ.

ಅಳೆದು ನೋಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಿನ ಕಂಪನಿಯದೇ ಉದಾಹರಣೆ ಇದೆ. ಇನ್ಫೊಸಿಸ್ ಹೈದರಾಬಾದಿನ ತನ್ನ ಆವರಣದಲ್ಲಿ ಒಂದು ಕಟ್ಟಡವನ್ನು ಎರಡು ಸಮ ಭಾಗ ಮಾಡಿ, ಒಂದು ಭಾಗಕ್ಕೆ ಮಾಮೂಲಿ ಗಾಳಿಯ ಎ.ಸಿ., ಇನ್ನೊಂದಕ್ಕೆ ಚಾವಣಿಯ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸುವ ವ್ಯವಸ್ಥೆ ಹಾಕಿ, ಬೇರೆ ಬೇರೆ ಮೀಟರ್ ಇಟ್ಟು ಹೋಲಿಸಿತು. ನೀರಿನ ಭಾಗ ಸುಮಾರು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ತಿಂದಿತು. ಆ ತಂತ್ರಜ್ಞಾನ ಎಲ್ಲರಿಗೂ ಒಗ್ಗದಿರಬಹುದು, ಮೀಟರ್ ಎಲ್ಲರಿಗೂ ಒಗ್ಗುತ್ತದೆ.

ಕೊನೆಯದಾಗಿ, ಪರದೆಯ ಮುಂದೆ ಕೂತವನ ಬಗ್ಗೆ. ನಮ್ಮಲ್ಲಿ ಬಹಳ ಮಂದಿ ಏಜೆನ್ಸಿಯ ಗುತ್ತಿಗೆಯವರು. ಟೆಂಡರ್ ಬದಲಾದರೆ ಹಳಬರು ಹೋಗುತ್ತಾರೆ, ಯಾವ ವಾಲ್ವ್ ಏಕೆ ಮ್ಯಾನುಯಲ್‌ಗೆ ಹೋಗಿತ್ತು ಎಂಬ ತಿಳಿವಳಿಕೆಯೂ ಅವರೊಂದಿಗೆ ಹೋಗುತ್ತದೆ. ದೊಡ್ಡ ಸಾಹೇಬರ ಕೋಣೆಗೆ 18 ಡಿಗ್ರಿ ಬೇಡ ಎನ್ನುವ ಧೈರ್ಯ ಯಾರಿಗೂ ಇಲ್ಲ. ಹಾಗೆ ಹೇಳಿದವನ ಪರ ನಿಲ್ಲುವ ಆದೇಶವೂ ಇಲ್ಲ. ಕೇಂದ್ರದ 20–28ರ ನಿಯಮ ಬಂದರೆ ಅದೊಂದು ಉಪಕಾರವಾದೀತು: ‘ಸರ್ಕಾರದ ಆಜ್ಞೆ ಸಾರ್’ ಎಂದು ತೋರಿಸಲು ಒಂದು ಕಾಗದ ಸಿಗುತ್ತದೆ. ಐಟಿಐಗಳಲ್ಲಿ ಎ.ಸಿ. ಮೆಕ್ಯಾನಿಕ್ ಕಲಿಯುವ ಹುಡುಗ ಹುಡುಗಿಯರ ಕೈಗೆ ಗ್ಯಾಸ್ ಸಿಲಿಂಡರಿನ ಜೊತೆಗೆ ಒಂದು ನಿಯಂತ್ರಕ, ನಾಲ್ಕು ಸೆನ್ಸರ್ ಕೊಟ್ಟು ಕಲಿಸಿದರೆ ಮುಂದಿನವರಾದರೂ ಕಂಪನಿಯ ಫೋನಿಗೆ ಕಾಯದೆ ತಾವೇ ತಿದ್ದಿಯಾರು.

ಹೆಸರನ್ನು ಪ್ರಕಟಿಸಬಾರದೆಂದು ಕೋರುತ್ತೇನೆ. ನಮ್ಮ ಏಜೆನ್ಸಿಯ ಗುತ್ತಿಗೆ ಸದ್ಯದಲ್ಲೇ ನವೀಕರಣಕ್ಕೆ ಬರಲಿದೆ.

— ಬಿಎಂಎಸ್ ಆಪರೇಟರ್, ಬೆಂಗಳೂರು