ಅಂಪೈರನಿಗೊಂದು ಪತ್ರ, ಜಮೈಕಾದ ನೆಪದಲ್ಲಿ

ಪ್ರೀತಿಯ ಅಂಪೈರ್,

ನೀನು ಕಳಿಸಿದ ಸುದ್ದಿ ಓದಿದೆ. ಜಮೈಕಾದಲ್ಲಿ 2025ರಲ್ಲಿ ಕೊಲೆಗಳ ಸಂಖ್ಯೆ 700ಕ್ಕಿಂತ ಕೆಳಗಿಳಿದಿದೆ, ಮೂವತ್ತು ವರ್ಷಗಳಲ್ಲಿ ಹೀಗಾಗಿರಲಿಲ್ಲ ಎಂಬ ಸುದ್ದಿ. ಅದರ ಕೆಳಗೆ ನಿನ್ನದೊಂದು ಸಾಲು: "ನಿನ್ನ ದ್ವೀಪ ಕೊನೆಗೂ ಗೆದ್ದಿತು, ಇನ್ನಾದರೂ ನೆಮ್ಮದಿಯಾಗಿ ಮಲಗು." ನಿದ್ದೆ ಬರಲಿಲ್ಲ ಮಾರಾಯ. ಉತ್ತರವನ್ನು ಬೇಕೆಂದೇ ನಾಲ್ಕು ಜನರೆದುರು ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಬರೆದರೆ ನೀನು ಆ ಕ್ಷಣವೇ ಫೋನ್ ಮಾಡಿ, ಶೆಟ್ಟರ ಗಡಿಯಾರದ ಮಾತು ತೆಗೆದು, ನನ್ನನ್ನು ನಗಿಸಿ, ವಿಷಯವನ್ನೇ ಮುಗಿಸಿಬಿಡುತ್ತೀಯ. ಯಾವ ಗಡಿಯಾರವೆಂದು ಓದುವವರು ಕೇಳಬೇಡಿ. ಹೇಳುವುದಿಲ್ಲವೆಂದು ನಾವಿಬ್ಬರೂ ಮಾತು ಕೊಟ್ಟುಕೊಂಡಿದ್ದೇವೆ.

ಅದು ನನ್ನ ದ್ವೀಪವಾದದ್ದು ಕ್ರಿಕೆಟ್ಟಿನಿಂದ. 1976ರ ಏಪ್ರಿಲ್. ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕನೆಯ ಇನಿಂಗ್ಸ್‌ನಲ್ಲಿ 403 ಓಟಗಳ ಗುರಿ ಮುಟ್ಟಿತು, ನಮ್ಮ ವಿಶ್ವನಾಥ್ 112 ಹೊಡೆದರು. ಅದೇ ತಿಂಗಳು ಜಮೈಕಾದ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕಿನಲ್ಲಿ ಅದೇ ವಿಶ್ವನಾಥರ ಬೆರಳು ಮುರಿಯಿತು, ಬ್ರಿಜೇಶ್ ಪಟೇಲರ ಬಾಯಿಗೆ ಚೆಂಡು ಬಡಿಯಿತು, ಚಂದ್ರಶೇಖರ್ ಕೈಗೆ ಪೆಟ್ಟು ಮಾಡಿಕೊಂಡರು. ಎರಡನೆಯ ಇನಿಂಗ್ಸ್ 97ಕ್ಕೆ ನಿಂತುಹೋಯಿತು, ಗಾಯದಿಂದಾಗಿ ಐದು ಜನ ಬ್ಯಾಟು ಹಿಡಿಯಲೇ ಇಲ್ಲ. ನಮ್ಮ ಹಿರಿಯರು ಜಗಲಿಯಲ್ಲಿ ಕುಳಿತು ಈ ಕಥೆಯನ್ನು ಎಷ್ಟು ಸಲ ಹೇಳಿದರೋ! ಮೈದಾನದ ಕಾಂಪೌಂಡಿನ ಆಚೆಗೆ ಅದೇ ದಿನಗಳಲ್ಲಿ ಏನಾಗುತ್ತಿತ್ತು ಎಂಬುದನ್ನು ಮಾತ್ರ ಅವರು ಯಾರೂ ಹೇಳಲಿಲ್ಲ. ಕಿಂಗ್‌ಸ್ಟನ್‌ನ ಬಡ ಕೇರಿಗಳಲ್ಲಿ ಆಗ ಎರಡು ಪಕ್ಷಗಳ ಹುಡುಗರು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದರು. ಆ ಟೆಸ್ಟ್ ಮುಗಿದು ಎರಡು ತಿಂಗಳೊಳಗೆ, ಜೂನ್ 19ರಂದು, ಅಲ್ಲಿ ತುರ್ತು ಪರಿಸ್ಥಿತಿ ಬಂತು. ನಮ್ಮಲ್ಲಿ ಆಗ ನಮ್ಮದೇ ಇನ್ನೊಂದು ನಡೆಯುತ್ತಿತ್ತು. ನಾನು ಈ ದ್ವೀಪದ ಚರಿತ್ರೆ ಓದಲು ಹೊರಟದ್ದು ಆ ಕಾಂಪೌಂಡಿನ ಆಚೆ ಏನಿತ್ತೆಂದು ತಿಳಿಯುವುದಕ್ಕಾಗಿ.

ಅಲ್ಲಿ ಇದ್ದದ್ದು ಗ್ಯಾರಿಸನ್. ಅಕ್ಷರಶಃ ನೋಡಿದರೆ ಸೈನ್ಯದ ಠಾಣ್ಯ, ಜಮೈಕಾದಲ್ಲಿ ಒಂದೇ ಪಕ್ಷಕ್ಕೆ ಮತ ಹಾಕುವ, ಇನ್ನೊಂದು ಪಕ್ಷದವನು ಕಾಲಿಡಲಾಗದ ಕೇರಿ. ಪಶ್ಚಿಮ ಕಿಂಗ್‌ಸ್ಟನ್‌ನಲ್ಲಿ ಬ್ಯಾಕ್-ಓ-ವಾಲ್ ಎಂಬ ಕೊಳೆಗೇರಿ ಇತ್ತು. 1960ರ ದಶಕದಲ್ಲಿ ಅದರ ಮೇಲೆ ಬುಲ್ಡೋಜರ್ ಹರಿಸಿ, ಅಲ್ಲಿ ಟಿವೊಲಿ ಗಾರ್ಡನ್ಸ್ ಎಂಬ ಹೊಸ ಬಡಾವಣೆ ಕಟ್ಟಿದರು. ಕಟ್ಟಿಸಿದವರು ಆ ಕ್ಷೇತ್ರದ ಸಂಸದ, ಜಮೈಕಾ ಲೇಬರ್ ಪಾರ್ಟಿಯ ಎಡ್ವರ್ಡ್ ಸಿಯಾಗ. ಒಳ್ಳೆಯ ಮನೆ, ನಲ್ಲಿ ನೀರು, ಶಾಲೆ ಎಲ್ಲವೂ ಬಂತು. ಆದರೆ ಮನೆಯ ಕೀಲಿ ಸಿಕ್ಕಿದ್ದು ತಮ್ಮ ಪಕ್ಷದವರಿಗೆ. ಪೀಪಲ್ಸ್ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದಾಗ ಅದೂ ತನ್ನ ಕೇರಿಗಳನ್ನು ಹೀಗೆಯೇ ಕಟ್ಟಿಕೊಂಡಿತು. ಮನೆ ಕೊಟ್ಟವರು ಮತ ಕೇಳಿದರು. ಮತ ಕಾಯಲು ಬಂದೂಕು ಬಂತು, ಬಂದೂಕು ಹಿಡಿದವನು ಡಾನ್ ಆದ. 1978ರ ಏಪ್ರಿಲ್‌ನಲ್ಲಿ ಜಮೈಕಾದ ಹಾಡುಗಾರ ಬಾಬ್ ಮಾರ್ಲಿ ವೇದಿಕೆಯ ಮೇಲೆ ಆಗಿನ ಪ್ರಧಾನಿ, ಪೀಪಲ್ಸ್ ನ್ಯಾಷನಲ್ ಪಾರ್ಟಿಯ ಮ್ಯಾನ್ಲಿ ಮತ್ತು ಸಿಯಾಗ ಇಬ್ಬರ ಕೈಗಳನ್ನೂ ಹಿಡಿದು ಮೇಲೆತ್ತಿದ ಚಿತ್ರವನ್ನು ನೀನೂ ನೋಡಿರುತ್ತೀಯ. ಎರಡೇ ವರ್ಷಗಳ ನಂತರ, 1980ರ ಚುನಾವಣೆಯ ವರ್ಷದಲ್ಲಿ, ಸುಮಾರು 800 ಜನ ಸತ್ತರು. ಆ ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಆಮೇಲೆ ಕೊಕೇನ್ ಹಣ ಬಂತು, ಡಾನ್‌ಗಳು ಪಕ್ಷದ ಹಂಗಿನಿಂದ ಮೇಲೆದ್ದರು. ಈಗ ಕೈ ಚಾಚುವ ಸರದಿ ರಾಜಕಾರಣಿಯದಾಯಿತು. ಟಿವೊಲಿಯ ಡಾನ್ ಕ್ರಿಸ್ಟೋಫರ್ ಕೋಕ್, ಜನ ಕರೆಯುತ್ತಿದ್ದುದು ಡಡಸ್, ಇನ್ನೂ ಪ್ರೀತಿಯಿಂದ 'ಪ್ರೆಸಿಡೆಂಟ್'. ಅವನ ಕೇರಿಯಲ್ಲಿ ಕಳ್ಳತನವಿಲ್ಲ. ಮಕ್ಕಳ ಶಾಲೆಯ ಶುಲ್ಕ, ಮುದುಕರ ಔಷಧ, ಗಂಡ ಹೆಂಡಿರ ಜಗಳ ಎಲ್ಲವೂ ಅವನ ಮುಂದೆಯೇ ತೀರ್ಮಾನವಾಗುತ್ತಿದ್ದವು. ಅವನ ಕಟ್ಟಡ ಕಂಪನಿಗೆ ಸರ್ಕಾರಿ ಗುತ್ತಿಗೆಗಳು ಸಿಗುತ್ತಿದ್ದವು. ಭ್ರಷ್ಟಾಚಾರವೆಂದರೆ ಮೇಜಿನ ಕೆಳಗೆ ಜಾರುವ ಲಕೋಟೆ ಎಂದೇ ನಾವು ಮಾತಾಡುತ್ತೇವೆ. ಜಮೈಕಾದಲ್ಲಿ ಅಂಥವೂ ಬೇಕಾದಷ್ಟಿವೆ. 2018ರಲ್ಲಿ ಪೆಟ್ರೋಜಾಮ್ ಎಂಬ ಸರ್ಕಾರಿ ತೈಲ ಶುದ್ಧೀಕರಣ ಕಂಪನಿಯ ಹಗರಣ ಬಯಲಾಗಿ ಇಂಧನ ಸಚಿವರು ರಾಜೀನಾಮೆ ಕೊಡಬೇಕಾಯಿತು. ಅದನ್ನು ಲೆಕ್ಕ ಪರಿಶೋಧಕರು ಹಿಡಿಯಬಲ್ಲರು. ಆದರೆ ತೆರಿಗೆಯ ಹಣ ಗುತ್ತಿಗೆಯಾಗಿ ಡಾನ್‌ನ ಕೈ ಸೇರಿ, ಅಲ್ಲಿಂದ ಅವನ ಔದಾರ್ಯವಾಗಿ ಬಡವನ ಮನೆ ಮುಟ್ಟಿದರೆ, ಬಡವ ಕೈಮುಗಿಯುವುದು ಯಾರಿಗೆ? ಈ ಮೋಸವನ್ನು ಯಾವ ಪರಿಶೋಧಕ ಹಿಡಿಯಬೇಕು?

2009ರ ಆಗಸ್ಟ್‌ನಲ್ಲಿ ಅಮೆರಿಕ ಡಡಸ್‌ನನ್ನು ಒಪ್ಪಿಸಿ ಎಂದು ಕೇಳಿತು. ಆಗಿನ ಪ್ರಧಾನಿ ಬ್ರೂಸ್ ಗೋಲ್ಡಿಂಗ್ ಆ ಪಶ್ಚಿಮ ಕಿಂಗ್‌ಸ್ಟನ್‌ನಿಂದಲೇ ಗೆದ್ದವರು. ದೂರವಾಣಿ ಕದ್ದಾಲಿಸಿದ ಸಾಕ್ಷ್ಯ ಕಾನೂನುಬದ್ಧವಲ್ಲ ಎಂದು ಒಂಬತ್ತು ತಿಂಗಳು ತಡೆದರು. ಅಮೆರಿಕದ ವಕೀಲರ ಸಂಸ್ಥೆಯೊಂದನ್ನು ಲಾಬಿಗೆ ಹಿಡಿದದ್ದಕ್ಕೆ ಪಕ್ಷದ ನಾಯಕನಾಗಿ ತಾನೇ ಒಪ್ಪಿಗೆ ಕೊಟ್ಟೆನೆಂದು ಕೊನೆಗೆ ಸಂಸತ್ತಿನಲ್ಲಿ ಹೇಳಬೇಕಾಯಿತು. 2010ರ ಮೇ 17ರಂದು ದೇಶದ ಕ್ಷಮೆ ಕೇಳಿ, ಹಸ್ತಾಂತರಕ್ಕೆ ಒಪ್ಪಿದರು. ಟಿವೊಲಿಯ ದಾರಿಗಳಿಗೆ ಅಡ್ಡಗಟ್ಟೆಗಳೆದ್ದವು. ಅದೇ ವಾರ ನೂರಾರು ಹೆಂಗಸರು ಬಿಳಿ ಬಟ್ಟೆ ಉಟ್ಟು ಮೆರವಣಿಗೆ ಹೊರಟರು. ಒಂದು ಫಲಕದಲ್ಲಿ ಬರೆದಿತ್ತು: ಯೇಸು ನಮಗಾಗಿ ಸತ್ತ, ನಾವು ಡಡಸ್‌ಗಾಗಿ ಸಾಯುತ್ತೇವೆ. ಮೇ 24ರಂದು ಸೈನಿಕರು ಮತ್ತು ಪೊಲೀಸರು ಒಳನುಗ್ಗಿದರು. ಕಡಿಮೆಯೆಂದರೂ 69 ನಾಗರಿಕರು ಸತ್ತರೆಂದು ಮುಂದೆ ವಿಚಾರಣಾ ಆಯೋಗ ಹೇಳಿತು. ಡಡಸ್ ಸಾಯಲಿಲ್ಲ. ಜೂನ್ 22ರಂದು ವಿಗ್ ಧರಿಸಿ ಪಾದ್ರಿಯೊಬ್ಬರ ಕಾರಿನಲ್ಲಿ ಹೋಗುತ್ತಿದ್ದಾಗ ಸಿಕ್ಕಿಬಿದ್ದ. 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅವನಿಗೆ 23 ವರ್ಷಗಳ ಸೆರೆಮನೆ ವಿಧಿಸಿತು.

ಆ ಹೆಂಗಸರ ಬಗ್ಗೆ ನೀನು ಹಿಂದೊಮ್ಮೆ ಹೇಳಿದ್ದೆ, ದುಡ್ಡು ಕೊಟ್ಟು ಕರೆತಂದವರಿರಬೇಕು ಎಂದು. ಕೆಲವರು ಹೆದರಿಕೆಗೆ ಬಂದಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರೂ ಹಾಗಲ್ಲ ಅಂಪೈರ್, ಅದು ನನಗೆ ಗೊತ್ತು. ಗೊತ್ತಿರುವುದು ಹೇಗೆಂದು ನಿನಗೆ ಇಷ್ಟು ವರ್ಷ ಹೇಳಿರಲಿಲ್ಲ.

ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಯ ಹಣವನ್ನು ಸೋದರಮಾವ ಕೊಟ್ಟರೆಂದು ನೀನು ತಿಳಿದಿದ್ದೀಯ. ಅವರು ಕೊಟ್ಟದ್ದು ಬಸ್ಸಿನ ಖರ್ಚು. ಉಳಿದದ್ದನ್ನು ಕೊಟ್ಟವನು ನಮ್ಮೂರಿನ ಆ ಮನುಷ್ಯ. ಹೆಸರು ಬೇಡ. ಮರಳು ಲಾರಿ, ಬಡ್ಡಿ ವ್ಯವಹಾರ, ಪಂಚಾಯಿತಿಯಿಂದ ಮೇಲಿನವರೆಗೆ ಎಲ್ಲ ಗುತ್ತಿಗೆಗಳು ಅವನವೇ. ರಾತ್ರಿ ಆಸ್ಪತ್ರೆಗೆ ತಾನೇ ಬಂದ. ಅಮ್ಮನ ಕೈಗೆ ಹಣದ ಕಟ್ಟು ಇಟ್ಟು, "ಅಕ್ಕಾ, ಮೊದಲು ಊಟ ಮಾಡಿ" ಎಂದ. ಅರ್ಜಿ ಹಿಡಿದು ನಾವು ಅಲೆದಿದ್ದ ಯಾವ ಕಚೇರಿಯಲ್ಲೂ ಅಮ್ಮನಿಗೆ ಊಟ ಆಯಿತೇ ಎಂದು ಯಾರೂ ಕೇಳಿರಲಿಲ್ಲ. ಬಡ್ಡಿ ಕೇಳಲಿಲ್ಲ, ಅಸಲೂ ಕೇಳಲಿಲ್ಲ. ಚುನಾವಣೆಗೆ ಮುಂಚೆ ಬಂದು ಕಾಫಿ ಕುಡಿದು ಹೋಗುತ್ತಿದ್ದ, ಅಷ್ಟೇ.

ಅಪ್ಪ ಗುಣವಾಗಿ ಬಂದ ಮೇಲೆ ಒಂದು ಸಂಜೆ ನಮ್ಮ ಬೀದಿಯಲ್ಲೇ ಅವನ ಹುಡುಗರು ಒಬ್ಬನನ್ನು ಹಿಡಿದು ಕಾಲು ಮುರಿದರು. ಬಡ್ಡಿ ಕಟ್ಟದ ಬಡಪಾಯಿ. ಅಪ್ಪ ಜಗಲಿಯಲ್ಲಿ ಕುಳಿತಿದ್ದರು. ಪೊಲೀಸರು ಬಂದು ಕೇಳಿದಾಗ ಅವರು, ತಾನು ಒಳಗೆ ಮಲಗಿದ್ದೆ, ಏನೂ ಗೊತ್ತಿಲ್ಲ ಎಂದರು. ಸುಳ್ಳು ಹೇಳಿದವರಲ್ಲ ನನ್ನ ಅಪ್ಪ, ನಿನಗೂ ಗೊತ್ತು. ಆ ರಾತ್ರಿ ಅವರು ಊಟ ಮಾಡಲಿಲ್ಲ, ಅಮ್ಮ ಬಲವಂತ ಮಾಡಲೂ ಇಲ್ಲ. ಹೆದರಿ ಹೇಳಲಿಲ್ಲವೋ, ಉಪಕಾರದ ಭಾರಕ್ಕೆ ಹೇಳಲಿಲ್ಲವೋ? ಅಪ್ಪ ಇರುವವರೆಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಬೇಕೆಂದಿದ್ದೆ. ಇನ್ನೂ ಒಂದಿದೆ. ಆ ಮನುಷ್ಯ ಸತ್ತ ಸುದ್ದಿ ಬಂದಾಗ ನಾನು ಅತ್ತೆ. ಅವನಿಂದಾಗಿ ಅಪ್ಪ ನನಗೆ ಹನ್ನೊಂದು ವರ್ಷ ಹೆಚ್ಚಿಗೆ ಸಿಕ್ಕರು. ಆ ಕಾಲು ಮುರಿದ ಮನುಷ್ಯನೂ ಯಾರಿಗೋ ಅಪ್ಪ. ಎರಡೂ ನನಗೆ ಗೊತ್ತು, ಒಂದು ಗೊತ್ತಿರುವುದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ. ಬಿಳಿ ಬಟ್ಟೆ ಉಟ್ಟ ಆ ಹೆಂಗಸರ ಚಿತ್ರದಲ್ಲಿ ನಾನು ಹುಡುಕುವುದು ಅಮ್ಮನ ಮುಖವನ್ನು.

ಈಗ ನಿನ್ನ ಸುದ್ದಿಗೆ ಬರುತ್ತೇನೆ. ಮೈಸೂರು ಜಿಲ್ಲೆಗಿಂತ ತುಸು ಕಡಿಮೆ, ಅಂದರೆ ಸುಮಾರು 28 ಲಕ್ಷ ಜನರಿರುವ ಆ ದೇಶದಲ್ಲಿ 2017ರಲ್ಲಿ 1,600ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ಈಗ 700ಕ್ಕಿಂತ ಕಡಿಮೆ. ಒಂದು ವರ್ಷದಲ್ಲಿ ಒಂಬೈನೂರು ಮನೆಗಳಲ್ಲಿ ಹೆಣ ಇಳಿಯಲಿಲ್ಲ. ಇದು ಸಣ್ಣ ಮಾತಲ್ಲ, ನನಗೆ ನಿಜವಾಗಿ ಸಂತೋಷವಾಗಿದೆ. ದೊಡ್ಡ ಗ್ಯಾಂಗುಗಳ ನಾಯಕರು ಜೈಲು ಸೇರಿದ್ದಾರೆ. ಅಕ್ರಮ ಬಂದೂಕಿಗೆ ಕನಿಷ್ಠ 15 ವರ್ಷ ಶಿಕ್ಷೆ ಎಂಬ ಕಾನೂನು 2022ರಲ್ಲಿ ಬಂದಿದೆ. ಆದರೆ ಅದೇ 2025ರಲ್ಲಿ ಭದ್ರತಾ ಪಡೆಗಳ ಗುಂಡಿಗೆ ಸತ್ತವರು 300ಕ್ಕೂ ಹೆಚ್ಚು, ಹಿಂದಿನ ವರ್ಷ ಆ ಸಂಖ್ಯೆ 189. ಪೊಲೀಸರು, ಸೈನಿಕರು ಕೊಂದದ್ದನ್ನು ತನಿಖೆ ಮಾಡಲೆಂದೇ ಅಲ್ಲಿ 2010ರಿಂದ ಇಂಡೆಕಾಮ್ ಎಂಬ ಸ್ವತಂತ್ರ ಆಯೋಗವಿದೆ. ಪೊಲೀಸರ ಮೈಮೇಲೆ ಕ್ಯಾಮೆರಾ ಇರಲಿ ಎಂದು ಅದು ಕೇಳುತ್ತಲೇ ಇದೆ. ನಿನ್ನ ಸುದ್ದಿಯ 700ರಲ್ಲಿ ಈ 300 ಸೇರಿಲ್ಲ. ಭ್ರಷ್ಟಾಚಾರದ ಅಂತರರಾಷ್ಟ್ರೀಯ ಸೂಚ್ಯಂಕದಲ್ಲಿ ಅಂಕ ಹೆಚ್ಚಿದಷ್ಟೂ ಭ್ರಷ್ಟಾಚಾರ ಕಡಿಮೆ ಎಂದರ್ಥ; ಅದರಲ್ಲಿ 2020ರಿಂದ 2024ರವರೆಗೂ ಜಮೈಕಾಕ್ಕೆ ಸಿಕ್ಕಿದ್ದು ನೂರಕ್ಕೆ 44, ಒಂದು ಅಂಕ ಮೇಲೆ ಹೋಗಲಿಲ್ಲ. 2024ರಲ್ಲಿ ನಮಗೆ ಸಿಕ್ಕಿದ್ದು 38, ಆದ್ದರಿಂದ ಅವರಿಗೆ ಪಾಠ ಹೇಳುವ ಎತ್ತರದಲ್ಲಿ ನಾವಂತೂ ಇಲ್ಲ.

ನನ್ನ ಸಂಕಟ ಇಷ್ಟು. ಬಂದೂಕು ಕೆಳಗಿಳಿದರೂ ಬಡವನ ಕೈಗೆ ಆಸ್ಪತ್ರೆಯ ಹಣ ಹಕ್ಕಿನಿಂದ ಬರದೆ ಯಾರದೋ ದಯೆಯಿಂದಲೇ ಬರುವುದಾದರೆ, ಆ ಜಾಗದಲ್ಲಿ ನಿಲ್ಲಲು ಇನ್ನೊಬ್ಬ ಬರುತ್ತಾನೆ. ಪೊಲೀಸನೇ ಬಂದು ನಿಲ್ಲಬಹುದು. ಆಗಲೂ ಬೀದಿಯಲ್ಲಿ ಗುಂಡಿನ ಸದ್ದಾದರೆ ಜಗಲಿಯಲ್ಲಿದ್ದವನು ತಾನು ಒಳಗೆ ಮಲಗಿದ್ದೆ ಎಂದೇ ಹೇಳುತ್ತಾನೆ. ಕಿಂಗ್‌ಸ್ಟನ್‌ನಲ್ಲಿ ಈ ಹೊತ್ತು ಯಾರ ಅಪ್ಪ ಹಾಗೆ ಹೇಳುತ್ತಿದ್ದಾರೋ!

ಸಾಕು. ಇಷ್ಟೆಲ್ಲ ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ. ನೀನು ಓದಿ ಮುಗಿಸಿದ ಕೂಡಲೇ ಫೋನ್ ಎತ್ತಿಕೊಳ್ಳುತ್ತೀಯೆಂದು ಗೊತ್ತು. ಇವತ್ತು ಬೇಡ, ನಾಳೆ ಮಾಡು. ಮಾಡಿದಾಗ ಅಪ್ಪನ ವಿಷಯ ಮೊದಲು, ಉಳಿದದ್ದು ಆಮೇಲೆ. ಬೇಸಗೆ ರಜೆಗೆ ಅತ್ತಿಗೆ ಮತ್ತು ಮಕ್ಕಳನ್ನು ಕರೆದುಕೊಂಡು ಬಾ. ಅಮ್ಮ ಹಲಸಿನ ಹಪ್ಪಳಕ್ಕೆ ಈಗಲೇ ಚಾಪೆ ತೊಳೆದಿಟ್ಟಿದ್ದಾಳೆ, ಕಾಗೆ ಓಡಿಸುವ ಕೆಲಸ ನಿನ್ನ ಕಿರಿಯ ಮಗಳಿಗೆ ಮೀಸಲಂತೆ. ವಿಶ್ವನಾಥರ ಆ 112 ದೊಡ್ಡದೋ, ಮದ್ರಾಸಿನಲ್ಲಿ ಔಟಾಗದೆ ಉಳಿದ 97 ದೊಡ್ಡದೋ ಎಂಬ ಮೊಕದ್ದಮೆಯನ್ನೂ ಆಗಲೇ ವಿಚಾರಣೆಗೆ ತೆಗೆದುಕೊಳ್ಳೋಣ. ಈ ಸಲ ತೀರ್ಪು ಕೊಡುವುದು ನೀನಲ್ಲ, ಅಮ್ಮ.

ನಿನ್ನ,
ಸ್ಕೋರರ್